ಸ್ಪರ್ಧೆಯ ಹಾಡಿಗೆ ಕತ್ತರಿ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಪ್ರತಿಭಾ ಕಾರಂಜಿ, ಕಾಲೇಜುಗಳಲ್ಲಿ ಯುವಜನೋತ್ಸವ, ಮೈಸೂರಿನಲ್ಲಿ ದಸರೆಯ ಯುವ ಸಂಭ್ರಮ, ಊರೂರಲ್ಲಿ ಗಣೇಶೋತ್ಸವ, ರಾಜ್ಯೋತ್ಸವ. ಧ್ವನಿಮುದ್ರಿತ ಹಾಡಿಗೆ, ನಿಗದಿತ ಸಮಯದೊಳಗೆ ಗುಂಪು ನೃತ್ಯ ನಡೆಯದ ವೇದಿಕೆಯೇ ನಮ್ಮಲ್ಲಿ ಈಗ ಅಪರೂಪ. ಹೆಜ್ಜೆ ಕಲಿಸಲು ಶಿಕ್ಷಕರು ವಾರಗಟ್ಟಲೆ ದುಡಿಯುತ್ತಾರೆ, ವೇಷಭೂಷಣದ ಬಾಡಿಗೆಗೆ ಮುಂಚೆಯೇ ಮಾತಾಡಿರುತ್ತಾರೆ. ಹಾಡನ್ನು ಸಮಯಕ್ಕೆ ಹೊಂದಿಸುವ ಕೆಲಸ ಮಾತ್ರ ಹಿಂದಿನ ರಾತ್ರಿಯವರೆಗೆ ಉಳಿದು, ಮೊಬೈಲ್‌ನಲ್ಲಿ ಕೈಗೆ ಸಿಕ್ಕ ಯಾವುದೋ ಆ್ಯಪ್‌ನಲ್ಲಿ ಮುಗಿಯುತ್ತದೆ. ಮರುದಿನ ವೇದಿಕೆಯಲ್ಲಿ ಅದರ ಫಲ ಕೇಳುತ್ತದೆ: ತಾಳದ ನಡುವೆ ಹಾಡು ಹಾರುತ್ತದೆ, ಮಕ್ಕಳ ಕಾಲು ಒಂದು ಕ್ಷಣ ತಡವರಿಸುತ್ತದೆ, ಕೊನೆಯ ಭಂಗಿಗೆ ಬರುವ ಮೊದಲೇ ಸದ್ದು ನಿಂತುಹೋಗುತ್ತದೆ. ಇದು ಮಕ್ಕಳ ತಪ್ಪಲ್ಲ. ಬಹುಪಾಲು ಸಂದರ್ಭಗಳಲ್ಲಿ ಇದು ಸರಿಯಲ್ಲದ ತಂತ್ರಾಂಶ ಆರಿಸಿಕೊಂಡಿದ್ದರ ತಪ್ಪು. ಆ ಆಯ್ಕೆಯ ಬಗ್ಗೆ ಶಿಕ್ಷಕರಿಗೂ ನೃತ್ಯ ಸಂಯೋಜಕರಿಗೂ ಸ್ಪರ್ಧೆ ನಡೆಸುವವರಿಗೂ ಕೆಲವು ಮಾತು ತಿಳಿಸಲು ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಎಷ್ಟು ಎಫೆಕ್ಟ್‌ಗಳಿವೆ ಎಂದು ನೋಡಿ ತಂತ್ರಾಂಶ ಆರಿಸಬೇಡಿ. ಸಮಯಕ್ಕೆ ಕಟ್ಟುಬಿದ್ದ ನೃತ್ಯದ ಹಾಡಿಗೆ ಬೇಕಾದದ್ದು ಕೆಲವೇ ಸಂಗತಿ. ಸಮಯವನ್ನು ಮಿಲಿಸೆಕೆಂಡ್‌ವರೆಗೆ ತೋರಿಸಬೇಕು. ಧ್ವನಿಯ ಅಲೆಯನ್ನು ಹಿಗ್ಗಿಸಿ, ಒಂದೊಂದು ಪೆಟ್ಟು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ಕಾಣುವಂತಿರಬೇಕು. ಶ್ರುತಿ ಬದಲಾಗದೆ ಕಾಲ ಮಾತ್ರ ಏರಿಸಲು, ಇಳಿಸಲು ಬರಬೇಕು. ಕತ್ತರಿಸುವ ಮೊದಲೇ ಕತ್ತರಿಸಿದರೆ ಹೇಗೆ ಕೇಳುತ್ತದೆ ಎಂದು ಕೇಳಿಸಬೇಕು. ಕೊನೆಗೆ ಫೈಲನ್ನು ಗುಣಮಟ್ಟ ಕಳೆಯದ ವೇವ್ ರೂಪದಲ್ಲಿ ಉಳಿಸಲು ಬರಬೇಕು. ಇದಿಷ್ಟಿದ್ದರೆ ಉಚಿತ ತಂತ್ರಾಂಶವೂ ಸಾಕು. ಇದರಲ್ಲಿ ಎರಡು ಇಲ್ಲದಿದ್ದರೆ ಹಣ ಕೊಟ್ಟು ಕೊಂಡದ್ದೂ ಪ್ರಯೋಜನವಿಲ್ಲ.

ಮೊಬೈಲ್‌ನ ವಿಡಿಯೊ ಎಡಿಟಿಂಗ್ ಆ್ಯಪ್‌ಗಳು ಈ ಕೆಲಸಕ್ಕೆ ಸಲ್ಲದಿರುವುದಕ್ಕೆ ಸರಳ ಕಾರಣವಿದೆ. ಅವು ಲೆಕ್ಕ ಹಾಕುವುದು ಚಿತ್ರದ ಫ್ರೇಮ್‌ಗಳಲ್ಲಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮ್ ಎಂದರೆ ಸುಮಾರು 33 ಮಿಲಿಸೆಕೆಂಡ್. 25 ಫ್ರೇಮ್ ಇದ್ದರೆ 40 ಮಿಲಿಸೆಕೆಂಡ್. ಇಂಥ ಆ್ಯಪ್‌ನಲ್ಲಿ ನಿಮ್ಮ ಕತ್ತರಿ ಸಾಮಾನ್ಯವಾಗಿ ಆ ಗೆರೆಗಳ ಮೇಲೆಯೇ ಬೀಳುತ್ತದೆ. ಡೋಲಿನ ಪೆಟ್ಟು ಎರಡು ಗೆರೆಗಳ ನಡುವೆ ಇದ್ದರೆ ಒಂದೋ ಪೆಟ್ಟಿನ ಮೊದಲ ತುದಿ ಹೋಗುತ್ತದೆ, ಇಲ್ಲವೇ ಹಿಂದಿನ ಪೆಟ್ಟಿನ ಬಾಲ ಉಳಿದು ಜೋಡಿ ಪೆಟ್ಟಾಗಿ ಕೇಳುತ್ತದೆ. ಪ್ರೇಕ್ಷಕರಿಗೆ ಏನೋ ಸರಿಯಿಲ್ಲ ಎನಿಸುತ್ತದೆ ಅಷ್ಟೆ; ತಾಳಕ್ಕೆ ಹೆಜ್ಜೆ ಇಡುವವರಿಗೆ ಅದು ಕಾಲಿಗೇ ತಾಗುತ್ತದೆ. ಜೊತೆಗೆ ಈ ಆ್ಯಪ್‌ಗಳು ಸಾಮಾನ್ಯವಾಗಿ ಹಾಡನ್ನು ವಿಡಿಯೊ ಆಗಿಯೇ ಉಳಿಸುತ್ತವೆ. ಅದರಿಂದ ಆಡಿಯೊ ಬೇರೆ ಮಾಡಲು ಇನ್ನೊಂದು ಆ್ಯಪ್ ಬಳಸಬೇಕು, ಪ್ರತಿ ಹಂತದಲ್ಲೂ ಧ್ವನಿಯ ಗುಣಮಟ್ಟ ಮತ್ತೆ ಮತ್ತೆ ಕುಗ್ಗುತ್ತದೆ.

ರಿಂಗ್‌ಟೋನ್ ಕತ್ತರಿಸುವ ಜಾಲತಾಣಗಳದ್ದು ಬೇರೆ ತೊಂದರೆ. ಅಲ್ಲಿ ಹಾಡಿನ ತುದಿಗಳನ್ನು ಕತ್ತರಿಸಬಹುದು, ನಡುಭಾಗ ತೆಗೆಯಲು ಸಾಮಾನ್ಯವಾಗಿ ಬರುವುದಿಲ್ಲ. ಹಾಗಾಗಿ ಹಾಡನ್ನು ಎರಡು ಮೂರು ತುಂಡು ಮಾಡಿ, ಎಂಪಿ3 ಆಗಿ ಇಳಿಸಿಕೊಂಡು, ಮತ್ತೆ ಜೋಡಿಸುತ್ತಾರೆ. ಎಂಪಿ3 ಮಾಡುವಾಗ ಫೈಲಿನ ಆರಂಭದಲ್ಲಿ ಅದರ ವಿಧಾನದಿಂದಲೇ ಸುಮಾರು 25ರಿಂದ 50 ಮಿಲಿಸೆಕೆಂಡ್‌ನಷ್ಟು ಖಾಲಿ ಜಾಗ ಸೇರಿಕೊಳ್ಳುತ್ತದೆ. ಒಂದೇ ಹಾಡು ಕೇಳುವಾಗ ಅದು ಗೊತ್ತಾಗದು. ಜೋಡಿಸಿದ ಜಾಗದಲ್ಲಿ ಮಾತ್ರ ತಾಳ ಎಡವುತ್ತದೆ. ಎಷ್ಟು ಜಾಗ್ರತೆಯಿಂದ ಕತ್ತರಿಸಿದರೂ ಜೋಡಣೆ ಕೂಡುತ್ತಿಲ್ಲ ಎಂದು ಗೊಣಗುವವರ ಸಮಸ್ಯೆ ಬಹಳ ಸಲ ಇದೇ.

ಕಂಪ್ಯೂಟರ್ ಲಭ್ಯವಿದ್ದರೆ ನನ್ನ ಮೊದಲ ಸಲಹೆ ಆಡಾಸಿಟಿ. 2000ದಿಂದ ಎಲ್ಲರಿಗೂ ಸಿಗುತ್ತಿರುವ ಮುಕ್ತ ತಂತ್ರಾಂಶವಿದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಅಂತರ್ಜಾಲ ಇಲ್ಲದೆಯೂ ನಡೆಯುತ್ತದೆ, ಶಾಲೆಯ ಪ್ರಯೋಗಾಲಯದ ಹಳೆಯ ಕಂಪ್ಯೂಟರ್‌ನಲ್ಲೂ ತಕ್ಕಮಟ್ಟಿಗೆ ಓಡುತ್ತದೆ. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೊದಲು ಕಾಣುವ ಜಾಹೀರಾತು ಕೊಂಡಿಗಳನ್ನು ಒತ್ತಿದರೆ ಬೇಡದ ಪ್ರೋಗ್ರಾಂಗಳೂ ಜೊತೆಗೆ ಬಂದು ಕೂರುತ್ತವೆ. ಮೊಬೈಲ್‌ಗೆ ಆಡಾಸಿಟಿ ಇಲ್ಲ. ಆ ಹೆಸರು ಹಾಕಿಕೊಂಡು ಆ್ಯಪ್ ಕಂಡರೆ ಅದು ಬೇರೆಯವರದ್ದು.

ಆಡಾಸಿಟಿಯ ಪರದೆ ಕಂಡು ಅಂಜುವವರಿಗೆ ಓಷನ್‌ಆಡಿಯೊ ಇದೆ. ಅದೂ ಉಚಿತ, ಇನ್ನೂ ಸರಳ. ಒಂದೇ ಹಾಡಿನ ನಡುಭಾಗ ತೆಗೆಯುವುದಷ್ಟೇ ಕೆಲಸವಾದರೆ ಸಾಕು. ಆದರೆ ಅದರಲ್ಲಿ ಒಂದರ ಕೆಳಗೊಂದು ಟ್ರ್ಯಾಕ್ ಇಡಲು ಬರುವುದಿಲ್ಲ. ಎರಡು ಹಾಡನ್ನು ಒಂದರೊಳಗೊಂದು ಬೆರೆಸಬೇಕಾದಾಗ ಕೈಕಟ್ಟಿದಂತಾಗುತ್ತದೆ. ಅದು ಮೂಲ ಫೈಲಿನ ಮೇಲೆಯೇ ಕೆಲಸ ಮಾಡುವುದರಿಂದ ಸೇವ್ ಒತ್ತಿದರೆ ಮೂಲ ಹಾಡೇ ತುಂಡಾಗುತ್ತದೆ. ಪ್ರತಿಯ ಮೇಲೆ ಕೆಲಸ ಮಾಡಿ. ಮ್ಯಾಕ್ ಇರುವವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಬರುತ್ತದೆ. ಅಲ್ಲಿ ಮೊದಲು ಮಾಡಬೇಕಾದದ್ದು ಮೇಲಿನ ಗಡಿಯಾರವನ್ನು ಬೀಟ್‌ಗಳಿಂದ ನಿಮಿಷ-ಸೆಕೆಂಡಿಗೆ ಬದಲಿಸುವುದು. ವರ್ಷವಿಡೀ ಹತ್ತಾರು ತಂಡಗಳಿಗೆ ಟ್ರ್ಯಾಕ್ ಮಾಡಿಕೊಡುವವರು 60 ಡಾಲರ್ ಕೊಟ್ಟು ರೀಪರ್ ಎಂಬ ತಂತ್ರಾಂಶ ಕೊಳ್ಳುವುದು ಲೇಸು. ಕೊಳ್ಳುವ ಮೊದಲು 60 ದಿನ ಪೂರ್ಣ ಪ್ರಮಾಣದಲ್ಲಿ ಬಳಸಿ ನೋಡಬಹುದು, ಎರಡು ತುಂಡುಗಳನ್ನು ಒಂದರ ಮೇಲೊಂದು ಎಳೆದರೆ ಕ್ರಾಸ್‌ಫೇಡ್ (ಒಂದರ ಸದ್ದು ಇಳಿಯುತ್ತಾ ಇನ್ನೊಂದರದು ಏರುವುದು) ತಾನೇ ಆಗುತ್ತದೆ.

ಅಡೋಬಿ ಆಡಿಷನ್ ಚಂದಾ ಕಟ್ಟಿ ಬಳಸುವಂಥದ್ದು. ಅದರ ರೀಮಿಕ್ಸ್ ಸೌಲಭ್ಯದಲ್ಲಿ ಬೇಕಾದ ಸಮಯ ಬರೆದರೆ ಹಾಡನ್ನು ತಾನೇ ಕತ್ತರಿಸಿ ಜೋಡಿಸಿಕೊಡುತ್ತದೆ. ಪಾಶ್ಚಾತ್ಯ ಬೀಟ್‌ನ ವಾದ್ಯಸಂಗೀತಕ್ಕೆ ಅದು ಚೆನ್ನಾಗಿ ಕೂಡುತ್ತದೆ. ಸಾಹಿತ್ಯವಿರುವ ಹಾಡಿನಲ್ಲಿ ಪಲ್ಲವಿಯ ಅರ್ಧ ಸಾಲನ್ನು ಚರಣದ ಅರ್ಧ ಸಾಲಿಗೆ ಅಂಟಿಸಿಬಿಡುವ ಅಪಾಯವಿದೆ, ಏಕೆಂದರೆ ಅದು ನೋಡುವುದು ಧ್ವನಿಯ ಹೋಲಿಕೆಯನ್ನು, ಅರ್ಥವನ್ನಲ್ಲ. ಸಮಯವೂ ಗುರಿಗಿಂತ ಕೆಲವು ಸೆಕೆಂಡ್ ಆಚೀಚೆ ಬರುತ್ತದೆ. ಭಾವಗೀತೆಗೂ ಜನಪದ ಗೀತೆಗೂ ಇದನ್ನು ನೆಚ್ಚಿಕೊಳ್ಳಬೇಡಿ.

ಮೊಬೈಲ್ ಬಿಟ್ಟು ಬೇರೆ ಸಾಧನ ಇಲ್ಲದ ಶಿಕ್ಷಕರೇ ಹೆಚ್ಚು. ಅವರು ವಿಡಿಯೊ ಆ್ಯಪ್ ಬಿಟ್ಟು ಲೆಕ್ಸಿಸ್ ಆಡಿಯೊ ಎಡಿಟರ್‌ನಂಥ, ಆಡಿಯೊಗೆಂದೇ ಮಾಡಿದ ಆ್ಯಪ್ ಬಳಸಲಿ. ಅದರ ಉಚಿತ ಆವೃತ್ತಿಯಲ್ಲಿ ವೇವ್ ಆಗಿ ಉಳಿಸಬಹುದು, ಎಂಪಿ3ಗೆ ಮಾತ್ರ ಹಣ ಕೇಳುತ್ತದೆ. ಕೆಲಸಕ್ಕೆ ವೇವ್ ಇದ್ದರೆ ಸಾಕು. ಬೆರಳಿನಿಂದ ಗುರುತು ಎಳೆದು ಬಿಡಬೇಡಿ. ಆರಂಭ ಮತ್ತು ಅಂತ್ಯದ ಸಮಯವನ್ನು ಅಂಕಿಯಲ್ಲೇ ಸರಿಪಡಿಸಿ.

ತಂತ್ರಾಂಶಕ್ಕಿಂತ ಮೊದಲೇ ಕೆಡುವುದು ಮೂಲ ಹಾಡು. ಹಣ ಕಟ್ಟುವ ಸಂಗೀತ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡು ಬೀಗ ಹಾಕಿದ ಫೈಲು, ಅದನ್ನು ಯಾವ ಎಡಿಟರೂ ತೆರೆಯದು. ಆಗ ಒಂದು ಫೋನಿನಲ್ಲಿ ಹಾಡು ಹಾಕಿ ಇನ್ನೊಂದರಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಕೋಣೆಯ ಫ್ಯಾನ್ ಸದ್ದೂ ಅದರೊಳಗೆ ಬರುತ್ತದೆ, ತಬಲಾದ ಬಾಯಾದ (ಎಡಗೈಯ ವಾದ್ಯದ) ತಗ್ಗಿನ ಸದ್ದು ಪೂರ್ತಿ ಮಾಯವಾಗುತ್ತದೆ. ಸಿ.ಡಿ. ಇದ್ದರೆ ಅದರಿಂದ ತೆಗೆದುಕೊಳ್ಳಿ, ಇಲ್ಲವೇ ಫೈಲನ್ನೇ ಮಾರುವ ತಾಣದಿಂದ ಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಇನ್ನು ಸಮಯದ ಲೆಕ್ಕ. ‘5 ನಿಮಿಷ ಮೀರಬಾರದು’ ಎಂಬ ನಿಯಮ ಇದ್ದರೆ ಆ 5 ನಿಮಿಷ ಎಲ್ಲಿಂದ ಶುರು ಎಂದು ಮೊದಲು ಕೇಳಿ ತಿಳಿಯಬೇಕು. ಪರದೆ ಏಳುವಾಗಲೇ? ಹಾಡು ಶುರುವಾದಾಗಲೇ? ಮೊದಲ ಚಲನೆಯಿಂದಲೇ? ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್‌ನಲ್ಲಿ ಇದು ಅಕ್ಷರಶಃ ಬರೆದಿಟ್ಟ ನಿಯಮ. ಮಹಿಳೆಯರ ಫ್ಲೋರ್ ವ್ಯಾಯಾಮಕ್ಕೆ ಗರಿಷ್ಠ 90 ಸೆಕೆಂಡ್, ಗಡಿಯಾರ ಓಡುವುದು ಕ್ರೀಡಾಪಟುವಿನ ಮೊದಲ ಚಲನೆಯಿಂದ. ರಿದಮಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಒಬ್ಬರ ಪ್ರದರ್ಶನ 75ರಿಂದ 90 ಸೆಕೆಂಡ್, ಗುಂಪಿನದು 135ರಿಂದ 150 ಸೆಕೆಂಡ್. ಹೆಚ್ಚಾದ ಅಥವಾ ಕಡಿಮೆಯಾದ ಪ್ರತಿ ಸೆಕೆಂಡಿಗೆ 0.05 ಅಂಕ ಕಡಿತ. ನಮ್ಮ ಸುತ್ತೋಲೆಗಳಲ್ಲಿ ಈ ಸ್ಪಷ್ಟತೆ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ 5 ನಿಮಿಷದ ಮಿತಿಗೆ ಹಾಡನ್ನು 4 ನಿಮಿಷ 50 ಸೆಕೆಂಡಿಗೆ ನಿಲ್ಲಿಸುವುದು ಕ್ಷೇಮ. ಮಕ್ಕಳು ಸಾಲುಗಟ್ಟಿ ಬಂದು ನಿಲ್ಲುವುದು, ಕೊನೆಯ ನಮಸ್ಕಾರ ಎರಡೂ ಆ 10 ಸೆಕೆಂಡಿನೊಳಗೆ ಬರಬೇಕು.

ಕತ್ತರಿಸುವಾಗ ಎಲ್ಲರೂ ಮಾಡುವುದು ಹಾಡಿನ ಕೊನೆಯನ್ನು ಕಡಿಯುವುದು. ಇದೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಸಂಗೀತ ನಿರ್ದೇಶಕರು ಹಾಡಿಗೊಂದು ಮುಕ್ತಾಯ ಕಟ್ಟಿರುತ್ತಾರೆ, ನೃತ್ಯದ ಕೊನೆಯ ಭಂಗಿಗೆ ಅದೇ ಆಧಾರ. ಹಾಡಿನ ತಲೆ, ಬಾಲ ಎರಡನ್ನೂ ಉಳಿಸಿಕೊಂಡು ಹೊಟ್ಟೆಯ ಭಾಗವನ್ನು ತೆಗೆಯಬೇಕು: ಎರಡನೇ ಚರಣ, ಮರುಕಳಿಸುವ ಪಲ್ಲವಿ, ಉದ್ದನೆಯ ಹಿನ್ನೆಲೆ ವಾದ್ಯಭಾಗ. ತೆಗೆಯುವ ಭಾಗ ಪೂರ್ಣ ಆವರ್ತಗಳಲ್ಲಿ, ಅಂದರೆ ತಾಳದ ಪೂರ್ತಿ ಸುತ್ತುಗಳಲ್ಲಿ, ಇರಬೇಕು.

ಲೆಕ್ಕ ಹೀಗೆ. ಹಾಡು 5 ನಿಮಿಷ 48 ಸೆಕೆಂಡ್, ಅಂದರೆ 348 ಸೆಕೆಂಡ್ ಇದೆ ಎನ್ನಿ. ಬೇಕಾದದ್ದು 290. ತೆಗೆಯಬೇಕಾದದ್ದು 58 ಸೆಕೆಂಡ್. ಹಾಡಿನ ಲಯ ನಿಮಿಷಕ್ಕೆ 100 ಬೀಟ್ ಇದ್ದರೆ ಒಂದು ಬೀಟ್‌ಗೆ 0.6 ಸೆಕೆಂಡ್, 8 ಅಕ್ಷರದ (ತಾಳದ ಲೆಕ್ಕದಲ್ಲಿ ಅಕ್ಷರ ಎಂದರೆ ಇಲ್ಲಿ ಒಂದು ಬೀಟ್) ಒಂದು ಆವರ್ತಕ್ಕೆ 4.8 ಸೆಕೆಂಡ್. ಹನ್ನೆರಡು ಆವರ್ತ ತೆಗೆದರೆ 57.6 ಸೆಕೆಂಡ್ ಹೋಗಿ 290.4 ಉಳಿಯುತ್ತದೆ. 58ನ್ನೇ ಹಿಡಿದು ಕತ್ತರಿಸಿದ್ದರೆ ಅಕ್ಷರದ ಮೂರನೇ ಎರಡು ಭಾಗದಷ್ಟು ತಾಳ ತಪ್ಪುತ್ತಿತ್ತು. ಮಿಶ್ರಛಾಪುವಿನ ಹಾಡಾದರೆ 7ರ, ಖಂಡಛಾಪುವಾದರೆ 5ರ ಲೆಕ್ಕ ಹಿಡಿಯಿರಿ. ಆವರ್ತದ ಉದ್ದ ಅಳೆಯಲು ಒಂದನ್ನೇ ಅಳೆಯಬೇಡಿ. ಹತ್ತು ಆವರ್ತಕ್ಕೆ ಎಷ್ಟು ಸೆಕೆಂಡ್ ಎಂದು ನೋಡಿ ಹತ್ತರಿಂದ ಭಾಗಿಸಿ. ಕೈಯ ತಪ್ಪು ಆಗ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಆಡಾಸಿಟಿಯಲ್ಲಿ ಇದನ್ನು ಮಾಡುವ ಬಗೆ: ಹಾಡು ಓಡುತ್ತಿರುವಾಗಲೇ ಪ್ರತಿ ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ, ಕಂಟ್ರೋಲ್ ಹಿಡಿದು ಎಂ ಒತ್ತಿದರೆ ಅಲ್ಲೊಂದು ಗುರುತು ಬೀಳುತ್ತದೆ. ಈ ಹಂತದಲ್ಲಿ ಬ್ಲೂಟೂತ್ ಇಯರ್‌ಫೋನ್ ಬಳಸಬೇಡಿ. ಅದರಲ್ಲಿ ಧ್ವನಿ ಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ತಡವಾಗಿ ಕೇಳುವುದರಿಂದ ಗುರುತುಗಳೆಲ್ಲ ಪೆಟ್ಟಿನಾಚೆ ಬೀಳುತ್ತವೆ. ತಂತಿಯ ಇಯರ್‌ಫೋನ್ ಇರಲಿ. ಗುರುತು ಹಾಕಿದ ಮೇಲೆ ಅಲ್ಲಿ ಹಿಗ್ಗಿಸಿ ನೋಡಿ. ಮೃದಂಗ, ಡೋಲು, ಕೋಲಾಟದ ಕೋಲಿನ ಪೆಟ್ಟು ಅಲೆಯಲ್ಲಿ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಆ ಏರಿಕೆಗೆ 5ರಿಂದ 10 ಮಿಲಿಸೆಕೆಂಡ್ ಮೊದಲು ಕತ್ತರಿಸಬೇಕು, ಪೆಟ್ಟಿನ ಮೇಲಲ್ಲ. ತೆಗೆಯಬೇಕಾದ ಭಾಗವನ್ನು ಎರಡು ಸಮಗಳ ನಡುವೆ ಆಯ್ದುಕೊಂಡು ಝಡ್ ಕೀಲಿ ಒತ್ತಿದರೆ ಆಯ್ಕೆಯ ಎರಡೂ ತುದಿಗಳು ಅಲೆ ಶೂನ್ಯ ದಾಟುವ ಬಿಂದುವಿಗೆ ಸರಿಯುತ್ತವೆ. ಇದನ್ನು ಮಾಡದಿದ್ದರೆ ಜೋಡಣೆಯಲ್ಲಿ ‘ಟಕ್’ ಎಂಬ ಸದ್ದು ಉಳಿದು, ದೊಡ್ಡ ಸ್ಪೀಕರ್‌ಗಳಲ್ಲಿ ಎದ್ದು ಕೇಳುತ್ತದೆ. ಆಮೇಲೆ ಸಿ ಕೀಲಿ ಒತ್ತಿ. ಆಯ್ದ ಭಾಗವನ್ನು ಹಾರಿಸಿ, ಅದರ ಹಿಂದಿನ 2 ಸೆಕೆಂಡ್ ಮತ್ತು ಮುಂದಿನ 1 ಸೆಕೆಂಡನ್ನು ಜೋಡಿಸಿದಂತೆ ಕೇಳಿಸುತ್ತದೆ. ಕತ್ತರಿಸುವ ಮುನ್ನವೇ ಜೋಡಣೆಯ ಪರೀಕ್ಷೆ. ನಾನು ಆಡಾಸಿಟಿಯನ್ನು ಇಷ್ಟು ಒತ್ತಿ ಹೇಳುವುದು ಈ ಒಂದು ಕೀಲಿಯ ಕಾರಣಕ್ಕೇ. ಕೇಳುತ್ತಾ ಕೈಯಲ್ಲಿ ತಾಳ ಹಾಕಿ; ಕೈ ಎಡವದಿದ್ದರೆ ಮಾತ್ರ ಡಿಲೀಟ್ ಒತ್ತಿ.

ಎರಡು ಕಡೆ ಎಚ್ಚರ ಬೇಕು. ಸಾಹಿತ್ಯ ಸಮಕ್ಕೆ ಶುರುವಾಗದೆ ಒಂದೂವರೆ ಅಕ್ಷರ ಬಿಟ್ಟು ಎತ್ತಿಕೊಳ್ಳುವ ಹಾಡುಗಳಿವೆ. ಅಲ್ಲಿ ಸಾಲಿನ ಮೊದಲ ಮಾತಿಗೆ ಕತ್ತರಿ ಇಟ್ಟರೆ ಆವರ್ತ ಕುಗ್ಗುತ್ತದೆ. ಕತ್ತರಿ ಸದಾ ತಾಳದ ಸಮಕ್ಕೆ, ಸಾಹಿತ್ಯಕ್ಕಲ್ಲ. ಇನ್ನೊಂದು, ಗಾಯಕರು ಸಾಲಿನ ಕೊನೆಯ ಸ್ವರವನ್ನು ಸಮ ದಾಟಿಸಿ ಎಳೆದಿರುತ್ತಾರೆ. ಸಮಕ್ಕೇ ಕತ್ತರಿಸಿದರೆ ಕಂಠ ಕಡಿದಂತಾಗುತ್ತದೆ. ಆಗ ಎರಡನೇ ತುಂಡನ್ನು ಕೆಳಗಿನ ಟ್ರ್ಯಾಕ್‌ಗೆ ಇಳಿಸಿ, ಮೊದಲ ತುಂಡಿನ ಬಾಲವನ್ನು ಅರ್ಧ ಸೆಕೆಂಡ್ ಹೆಚ್ಚಿಗೆ ಉಳಿಸಿಕೊಂಡು ಫೇಡ್ ಔಟ್ ಮಾಡಿ. ಸಮಗಳು ಮಾತ್ರ ಒಂದರ ಕೆಳಗೊಂದು ಸರಿಯಾಗಿ ಕೂರಬೇಕು. ಇದು ಒಂದೇ ಟ್ರ್ಯಾಕ್‌ನ ಎಡಿಟರ್‌ಗಳಲ್ಲಿ ಸಾಧ್ಯವಿಲ್ಲದ ಕೆಲಸ. ಹಳೆಯ ಚಿತ್ರಗೀತೆಗಳಲ್ಲಿ ವಾದ್ಯವೃಂದ ಒಟ್ಟಿಗೆ ಕುಳಿತು ನುಡಿಸಿರುವುದರಿಂದ ಚರಣಕ್ಕೆ ಬರುವಾಗ ಲಯ ಸ್ವಲ್ಪ ಏರಿರುತ್ತದೆ. ಅಂಥ ಹಾಡಿಗೆ ಲೆಕ್ಕವನ್ನು ಅಂದಾಜಿಗೆ ಇಟ್ಟುಕೊಂಡು, ಗುರುತನ್ನು ಕಿವಿಯಿಂದಲೇ ಹಾಕಬೇಕು.

ಕತ್ತರಿಸಿದ ಮೇಲೂ ನಾಲ್ಕಾರು ಸೆಕೆಂಡ್ ಹೆಚ್ಚಿದ್ದರೆ ಕಾಲವನ್ನು ತುಸು ಏರಿಸಬಹುದು. ಇಲ್ಲಿಯೇ ಹೆಚ್ಚು ಜನ ಎಡವುವುದು. ಸ್ಪೀಡ್ ಬದಲಿಸಿದರೆ ಶ್ರುತಿಯೂ ಬದಲಾಗುತ್ತದೆ. ಶೇ 6ರಷ್ಟು ವೇಗ ಹೆಚ್ಚಿಸಿದರೆ ಶ್ರುತಿ ಹಾರ್ಮೋನಿಯಂನ ಪಕ್ಕದ ಮನೆಗೆ ಏರುತ್ತದೆ. ಜೊತೆಯಲ್ಲಿ ಕೊಳಲೋ ಪಿಟೀಲೋ ನೇರವಾಗಿ ನುಡಿಸುವವರಿದ್ದರೆ ಅವರ ಗತಿ ಏನು? ನಿಮಗೆ ಬೇಕಾದದ್ದು ಚೇಂಜ್ ಟೆಂಪೊ. ಆ ಪೆಟ್ಟಿಗೆಯಲ್ಲಿ ಶೇಕಡಾವಾರು ಬರೆಯುವ ಬದಲು ಬೇಕಾದ ಉದ್ದವನ್ನೇ ಸೆಕೆಂಡ್‌ಗಳಲ್ಲಿ ಬರೆಯಬಹುದು. ಉದಾಹರಣೆಗೆ 186 ಸೆಕೆಂಡಿನದನ್ನು 180 ಎಂದು ಬರೆದರೆ ಶೇ 3.33 ಏರಿಕೆ ತಾನೇ ಬರುತ್ತದೆ. ಶೇ 3ರಿಂದ 5ರವರೆಗೆ ಕೇಳುಗರಿಗೆ ಗೊತ್ತಾಗದು. ಶೇ 10 ದಾಟಿದರೆ ಮೃದಂಗದ ಪೆಟ್ಟು ಮೊಂಡಾಗುತ್ತದೆ, ಗಮಕ ನಡುಗಿದಂತೆ ಕೇಳುತ್ತದೆ. ಅಷ್ಟು ಏರಿಸಬೇಕಾದ ಪರಿಸ್ಥಿತಿ ಬಂದರೆ ಇನ್ನೊಂದೆರಡು ಆವರ್ತ ತೆಗೆಯುವುದೇ ಮೇಲು. ಮಕ್ಕಳ ಅಭ್ಯಾಸಕ್ಕೆಂದು ನಿಧಾನಗತಿಯ ಪ್ರತಿ ಮಾಡಿಕೊಳ್ಳುವಾಗ ಶೇ 15ರಿಂದ 20ರಷ್ಟು ಇಳಿಸಿದರೂ ತೊಂದರೆಯಿಲ್ಲ, ಅದು ವೇದಿಕೆಗೆ ಹೋಗುವುದಲ್ಲ. ಆದರೆ ಆ ಫೈಲಿಗೆ ಬೇರೆಯೇ ಹೆಸರಿಡಿ. ಸ್ಪರ್ಧೆಯ ದಿನ ಅಭ್ಯಾಸದ ಪ್ರತಿಯೇ ಮೊಳಗಿದ ಉದಾಹರಣೆಗಳಿವೆ.

ಈಗ ಐದಾರು ಹಾಡುಗಳ ತುಣುಕು ಸೇರಿಸಿ ಒಂದು ನೃತ್ಯ ಕಟ್ಟುವುದು ರೂಢಿ: ನಾಡಗೀತೆಯ ಧಾಟಿ, ಒಂದು ವಚನ, ಡೊಳ್ಳು, ಕಂಸಾಳೆ, ಕೊನೆಗೆ ಚಿತ್ರಗೀತೆ. ಇದರಲ್ಲಿ ಮೂರು ಹೊಂದಾಣಿಕೆ ಬೇಕು. ಶ್ರುತಿ ಒಂದು ಮನೆಯಷ್ಟು ದೂರವಿದ್ದರೆ ಚೇಂಜ್ ಪಿಚ್‌ನಿಂದ ಹತ್ತಿರ ತನ್ನಿ. ಅದಕ್ಕಿಂತ ದೂರವಿದ್ದರೆ ನಡುವೆ ಶ್ರುತಿಯೇ ಇಲ್ಲದ ಸೇತುವೆ ಹಾಕಿ: ಡೊಳ್ಳಿನ ನಾಲ್ಕು ಪೆಟ್ಟು, ಒಂದು ಜತಿ, ತಾಳದ ಝಣತ್ಕಾರ. ಲಯ ಬೇರೆಯಾದರೆ ಒಂದರ ಮೇಲೊಂದು ಬೆರೆಸಬೇಡಿ, ಎರಡು ತಾಳ ಡಿಕ್ಕಿ ಹೊಡೆಯುತ್ತವೆ. ಮೊದಲನೆಯದನ್ನು ಅದರ ಸಮಕ್ಕೆ ಮುಗಿಸಿ, ಎರಡನೆಯದನ್ನು ಅದರ ಸಮಕ್ಕೆ ಎತ್ತಿ. ಮೂರನೆಯದು ಧ್ವನಿಯ ಮಟ್ಟ. ಹಳೆಯ ಹಾಡು ಮೆಲ್ಲಗೆ, ಹೊಸದು ಅಬ್ಬರವಾಗಿ ಬರುತ್ತದೆ. ಪ್ರತಿ ತುಣುಕಿಗೂ ಬೇರೆ ಬೇರೆಯಾಗಿ ಲೌಡ್‌ನೆಸ್ ನಾರ್ಮಲೈಸೇಷನ್‌ನಲ್ಲಿ ಮೈನಸ್ 16 ಬರೆದು ಸಮ ಮಾಡಿಕೊಂಡು, ಆಮೇಲೆ ಜೋಡಿಸಿ. ಕೊನೆಗೆ ಧ್ವನಿ ಮಿತಿ ದಾಟದಂತೆ ತಡೆಯುವ ಲಿಮಿಟರನ್ನು ಮೈನಸ್ 1 ಡೆಸಿಬೆಲ್‌ಗೆ ಇಟ್ಟರೆ ಪೆಟ್ಟುಗಳು ಒಡೆಯುವುದಿಲ್ಲ. ಇದನ್ನು ಬಿಟ್ಟು ‘ವೇದಿಕೆಯಲ್ಲಿ ಸೌಂಡ್‌ನವರು ಸರಿಮಾಡುತ್ತಾರೆ’ ಎಂದುಕೊಳ್ಳುವುದು ಬೇಡ. ಅವರಿಗೆ ನಿಮ್ಮ ಹಾಡು ಎಲ್ಲಿ ಏರುತ್ತದೆ ಎಂದು ಗೊತ್ತಿರುವುದಿಲ್ಲ.

ಮಾತಿಲ್ಲದ ಸಂಗೀತ ಬೇಕಾದ ಸ್ಪರ್ಧೆಗಳಿಗೆ ಹಾಡಿನಿಂದ ಕಂಠ ಅಳಿಸುವ ಯತ್ನ ನಡೆಯುತ್ತದೆ. ಮಹಿಳೆಯರ ಫ್ಲೋರ್ ವ್ಯಾಯಾಮದಲ್ಲಿ ಸಾಹಿತ್ಯವಿರುವ ಸಂಗೀತ ಬಳಸಿದರೆ ಪೂರ್ತಿ 1 ಅಂಕ ಹೋಗುತ್ತದೆ, ಆದ್ದರಿಂದ ಅರೆಬರೆ ಅಳಿಸಿದ ಕಂಠ ಅಪಾಯಕಾರಿ. ಎಡ-ಬಲ ಧ್ವನಿಗಳನ್ನು ಒಂದರಿಂದೊಂದು ಕಳೆಯುವ ಹಳೆಯ ವಿಧಾನದಲ್ಲಿ ಇನ್ನೊಂದು ಕೇಡಿದೆ: ಕೆಲವು ಉಪಕರಣಗಳು ಎರಡು ಬದಿಗೆ ಒಂದಕ್ಕೊಂದು ತಿರುವುಮುರುವಾದ ಅಲೆ ಕೊಡುತ್ತವೆ. ಇಯರ್‌ಫೋನ್‌ನಲ್ಲಿ ಚೆನ್ನಾಗಿ ಕೇಳುತ್ತದೆ, ಎಡ-ಬಲ ಸೇರಿಸಿ ಒಂದೇ ಮಾಡುವ ವೇದಿಕೆಯ ಧ್ವನಿವರ್ಧಕದಲ್ಲಿ ಹಾಡೇ ಮಾಯವಾಗುತ್ತದೆ. ಯಾವುದೇ ಟ್ರ್ಯಾಕ್ ಮುಗಿದ ಮೇಲೆ ಒಮ್ಮೆ ಮೊನೊಗೆ, ಅಂದರೆ ಎಡ-ಬಲ ಸೇರಿದ ಒಂದೇ ಧ್ವನಿಗೆ, ಇಳಿಸಿ ಕೇಳುವುದು ಕಡ್ಡಾಯ ಎಂದುಕೊಳ್ಳಿ. ಕೃತಕ ಬುದ್ಧಿಮತ್ತೆಯಿಂದ ಕಂಠ ಬೇರ್ಪಡಿಸುವ ಹೊಸ ತಂತ್ರಾಂಶಗಳು ಎಷ್ಟೋ ಮೇಲು, ಆದರೂ ಪ್ರತಿಧ್ವನಿಯಲ್ಲಿ ಮಾತಿನ ಎಳೆ ಉಳಿಯುತ್ತದೆ. ವಾದ್ಯಸಂಗೀತವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಸಿದ್ಧವಾದದ್ದನ್ನು ಒಯ್ಯುವುದರಲ್ಲಿ ಇನ್ನಷ್ಟು ತಪ್ಪುಗಳಾಗುತ್ತವೆ. ಆಡಾಸಿಟಿಯಲ್ಲಿ ಸೇವ್ ಒತ್ತಿದರೆ ಸಿಗುವುದು ಪ್ರಾಜೆಕ್ಟ್ ಫೈಲು, ಹಾಡಲ್ಲ. ಅದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರೆ ಯಾವ ಪ್ಲೇಯರೂ ನುಡಿಸದು. ಎಕ್ಸ್‌ಪೋರ್ಟ್ ಮಾಡಬೇಕು: 44,100 ಹರ್ಟ್ಸ್, 16 ಬಿಟ್‌ನ ಒಂದು ವೇವ್, ಜೊತೆಗೆ 320 ಅಥವಾ 192 ಕೆಬಿಪಿಎಸ್ ಸ್ಥಿರ ದರದ ಒಂದು ಎಂಪಿ3. ವೇವ್‌ಗೆ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಬೇಕು, 5 ನಿಮಿಷಕ್ಕೆ 50 ಎಂಬಿ. ದರ ಬದಲಾಗುತ್ತಾ ಹೋಗುವ ಎಂಪಿ3 ಮಾಡಬೇಡಿ. ಕೆಲವು ಪ್ಲೇಯರ್‌ಗಳು ಅದರ ಉದ್ದವನ್ನು ತಪ್ಪಾಗಿ ತೋರಿಸುತ್ತವೆ, ಸಮಯಪಾಲಕರೊಂದಿಗೆ ವಾದಕ್ಕೆ ಅದೇ ದಾರಿ. ಪೆನ್‌ಡ್ರೈವ್ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಲಿ. ಮಿಕ್ಸರ್, ಆಂಪ್ಲಿಫೈಯರ್‌ಗಳ ಯುಎಸ್‌ಬಿ ಪ್ಲೇಯರ್‌ಗಳಲ್ಲಿ ಎಷ್ಟೋ ಬೇರೆ ವಿಧಾನವನ್ನು ಓದುವುದಿಲ್ಲ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ ಚಿಕ್ಕದಾಗಿರಲಿ: ಸ್ಪರ್ಧಾ ಕ್ರಮಸಂಖ್ಯೆ, ಶಾಲೆಯ ಹೆಸರು, ಹಾಡಿನ ಉದ್ದ. ಕನ್ನಡದಲ್ಲಿ ಬರೆದ ಹೆಸರು ಆ ಪುಟ್ಟ ಪರದೆಗಳಲ್ಲಿ ಬರೀ ಚೌಕಗಳಾಗಿ ಕಾಣುತ್ತದೆ. ಆ ಡ್ರೈವ್‌ನಲ್ಲಿ ಬೇರೆ ಹಾಡು ಇರಕೂಡದು. ನಿಮ್ಮದು ಮುಗಿದ ಕೂಡಲೇ ಪ್ಲೇಯರ್ ಮುಂದಿನದಕ್ಕೆ ಹಾರುತ್ತದೆ, ಮಕ್ಕಳು ಭಂಗಿಯಲ್ಲಿ ನಿಂತಿರುವಾಗ ಇನ್ನಾವುದೋ ಹಾಡು ಮೊಳಗುತ್ತದೆ. ಫೋನಿನಿಂದ ನುಡಿಸುವುದೇ ಆದರೆ ಏರೋಪ್ಲೇನ್ ಮೋಡ್ ಹಾಕಿ, ತಂತಿಯಲ್ಲೇ ಜೋಡಿಸಿ.

ಹಕ್ಕುಸ್ವಾಮ್ಯದ ಬಗ್ಗೆ ಒಂದು ಮಾತು. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಗೆ ಸಂಬಂಧಿಸಿದವರಷ್ಟೇ ಇರುವ ಸಭೆಯಲ್ಲಿ ಧ್ವನಿಮುದ್ರಣ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದೇ ನೃತ್ಯದ ವಿಡಿಯೊವನ್ನು ಯೂಟ್ಯೂಬ್‌ಗೆ ಏರಿಸುವುದು ಬೇರೆಯೇ ಸಂಗತಿ. ಅಲ್ಲಿ ಧ್ವನಿ ಅಳಿಸಿಹೋದರೆ ಅಚ್ಚರಿಪಡಬೇಕಿಲ್ಲ.

ಸ್ಪರ್ಧೆ ನಡೆಸುವ ಇಲಾಖೆ, ವಿಶ್ವವಿದ್ಯಾಲಯ, ಸಂಘಸಂಸ್ಥೆಗಳಲ್ಲಿ ನನ್ನ ಕೋರಿಕೆ ಇದು. ಸುತ್ತೋಲೆಯಲ್ಲಿ ಸಮಯದ ಮಿತಿ ಬರೆಯುವ ಜಾಗದಲ್ಲೇ ಇನ್ನು ಕೆಲವು ವಾಕ್ಯ ಸೇರಿಸಿ. ಗಡಿಯಾರ ಹಾಡಿನಿಂದ ಶುರುವೋ ಚಲನೆಯಿಂದಲೋ, ಯಾವುದಕ್ಕೆ ನಿಲ್ಲುತ್ತದೆ. ಮಿತಿ ಮೀರಿದರೆ ಸೆಕೆಂಡಿಗೆ ಎಷ್ಟು ಅಂಕ, ಇಲ್ಲವೇ ನೇರವಾಗಿ ಅನರ್ಹತೆಯೇ. ಯಾವ ರೂಪದ ಫೈಲು ತರಬೇಕು, ಎಷ್ಟು ಹೊತ್ತಿಗೆ ಒಪ್ಪಿಸಬೇಕು. ಸ್ಪರ್ಧೆಗೆ ಮೊದಲು ಪ್ರತಿ ತಂಡದ ಹಾಡಿನ ಮೊದಲ ಹಾಗೂ ಕೊನೆಯ 10 ಸೆಕೆಂಡನ್ನು ವೇದಿಕೆಯ ಧ್ವನಿವರ್ಧಕದಲ್ಲೇ ನುಡಿಸಿ ನೋಡಲು ಸಮಯ ಕೊಡಿ. ಮೂವತ್ತು ತಂಡಗಳಿದ್ದರೂ ಅದಕ್ಕೆ ಹಿಡಿಯುವುದು ಅರ್ಧ ಗಂಟೆಯೊಳಗೆ. ಧ್ವನಿ ಯಂತ್ರದ ದೋಷದಿಂದ ಹಾಡು ನಿಂತರೆ ತಂಡಕ್ಕೆ ಮತ್ತೊಂದು ಅವಕಾಶ ಉಂಟೇ ಎಂಬುದನ್ನೂ ಮೊದಲೇ ಅಚ್ಚಾಗಿಸಿ, ವೇದಿಕೆಯ ಪಕ್ಕ ನಿಂತು ಶಿಕ್ಷಕರು ಬೇಡಿಕೊಳ್ಳುವ ಸ್ಥಿತಿ ಬರದಿರಲಿ. ಈ ಸಾಲಿನ ಸ್ಪರ್ಧೆಗಳ ಸುತ್ತೋಲೆ ಹೊರಡುವ ಮುನ್ನವೇ ಸಂಬಂಧಪಟ್ಟವರು ಇದನ್ನು ಗಮನಿಸಬೇಕೆಂದು ವಿನಂತಿ.

ಇತಿ,
ವೇದಿಕೆ ಕಾರ್ಯಕ್ರಮಗಳ ಧ್ವನಿ ಸಂಕಲನ ಮಾಡುವ ಓದುಗ,
ಮೈಸೂರು